ಮನೆಯಲ್ಲುಳಿದವಳೂ ಅವಳ ಪುಸ್ತಕವೂ

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನವು ನೆರೆದಾಗ, ಬಂದವರು ತಮ್ಮ ಹೆಸರು, ಊರು, ಶಾಲೆ ಬಿಟ್ಟ ವರ್ಷ ಇವುಗಳನ್ನು ಬರೆಯಲೆಂದು ಬಾಗಿಲ ಬಳಿಯಲ್ಲಿ ಒಂದು ದಪ್ಪನೆಯ ವಹಿಯನ್ನು ಇರಿಸಿದ್ದೆವು. ದೇವದುರ್ಗದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಒಬ್ಬಾಕೆ ಲೇಖನಿಯನ್ನು ಕೈಗೆತ್ತಿಕೊಂಡು, ಬಹಳ ಹೊತ್ತು ಹಾಗೆಯೇ ನಿಂತು, ಕೊನೆಗೆ ಪಕ್ಕದಲ್ಲಿದ್ದ ಮಗಳ ಕೈಗೆ ಅದನ್ನು ಕೊಟ್ಟು “ನೀನ ಬರಿ” ಎಂದುಬಿಟ್ಟಳು. ಈಕೆ ಹತ್ತನೆಯ ತರಗತಿಯಲ್ಲಿದ್ದಾಗ ಕನ್ನಡ ಪ್ರಬಂಧಕ್ಕೆ ಶಾಲೆಯ ಬಹುಮಾನವನ್ನು ಪಡೆದವಳು. ಆ ಪ್ರಬಂಧವನ್ನು ತಿದ್ದಿದವರು ನಾವೇ. ತಿದ್ದುವುದಕ್ಕೆ ಅದರಲ್ಲಿ ಹೆಚ್ಚೇನೂ ಇರಲಿಲ್ಲವೆಂಬುದೂ ನಮಗೆ ಚೆನ್ನಾಗಿ ನೆನಪಿದೆ.

ಊಟದ ಹೊತ್ತಿನಲ್ಲಿ ಆಕೆಯನ್ನು ಹತ್ತಿರಕ್ಕೆ ಕರೆದು, ಈಗ ಏನು ಓದುತ್ತಿರುವೆ ಎಂದು ಕೇಳಿದೆವು. ಆಕೆ ನಕ್ಕಳು. “ಮನಿಯಾಗ ಕುಂತವರಿಗೆ ಎಲ್ಲೀ ಓದು, ಟೀಚರ್?” ಎಂದಳು. ಮನೆಯಲ್ಲಿ ಕುಳಿತವಳೆಂದು ತನ್ನನ್ನು ಕರೆದುಕೊಂಡ ಈಕೆ ಬೆಳಿಗ್ಗೆ ಐದಕ್ಕೆ ಎದ್ದು ನೀರು ತಂದು, ರೊಟ್ಟಿ ಬಡಿದು, ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೂ ಹೋಗಿ, ರಾತ್ರಿ ಎಲ್ಲರೂ ಉಂಡ ಮೇಲೆ ಉಣ್ಣುವವಳು. ಕುಳಿತುಕೊಳ್ಳುವುದೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಮಾಡುವ ಹೆಂಗಸಿಗೆ ನಮ್ಮ ನಾಡಿನಲ್ಲಿ ಈ ಹೆಸರು ಹೇಗೆ ಬಂದಿತೋ ನಾವರಿಯೆವು. ಅದಿರಲಿ. ಆಕೆಯ ಮಾತು ನಮ್ಮನ್ನು ಅಂದಿನಿಂದ ಬಿಟ್ಟಿಲ್ಲ. ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಂಡಲಿಯವರು ಕೇಳಿದಾಗ ಬೇರೆ ವಿಷಯವು ನಮಗೆ ತೋಚಲಿಲ್ಲ.

ಶಾಲೆಯನ್ನು ಬಿಟ್ಟು ಮನೆಯಲ್ಲುಳಿದ ಹುಡುಗಿಯರ ಓದು ಏಕೆ ನಿಲ್ಲುತ್ತದೆ? ಕೇಳಿದರೆ ಎಲ್ಲರೂ ಒಂದೇ ಉತ್ತರವನ್ನು ಕೊಡುವರು: ವೇಳೆಯಿಲ್ಲ. ನಾವೂ ಬಹುಕಾಲ ಇದನ್ನೇ ನಂಬಿದ್ದೆವು. ಈ ನಂಬಿಕೆಯು ಸುಳ್ಳಾದದ್ದು ೨೦೨೦ನೆಯ ಇಸವಿಯಲ್ಲಿ. ಆ ವರ್ಷ ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲನ್ನು ಹಾಕಿಕೊಂಡಿತಷ್ಟೆ. ಶಾಲೆಯಿಲ್ಲ, ಪ್ರಾರ್ಥನಾಲಯವಿಲ್ಲ, ಬಂಧುಗಳ ಮನೆಯಿಲ್ಲ. ನಾವು ಸಂತೋಷಪಟ್ಟೆವೆಂದರೆ ನಾಚಿಕೆಯ ಮಾತಾದರೂ ನಿಜವನ್ನು ಹೇಳತಕ್ಕದ್ದು: ಒಳಗೊಳಗೆ ಕೊಂಚ ಸಂತೋಷಪಟ್ಟೆವು. ಇಪ್ಪತ್ತು ವರ್ಷಗಳಿಂದ ‘ರಜೆ ಬರಲಿ’ ಎಂದು ಎತ್ತಿಟ್ಟಿದ್ದ ಹನ್ನೆರಡು ಪುಸ್ತಕಗಳನ್ನು ಬೀರುವಿನಿಂದ ತೆಗೆದು, ಧೂಳು ಒರಸಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿದೆವು. ಒಂದು ತಿಂಗಳು ಕಳೆದ ಮೇಲೆ ನೋಡಲಾಗಿ, ಮೊದಲನೆಯ ಪುಸ್ತಕದ ನಲವತ್ತನೆಯ ಪುಟದಲ್ಲಿ ಗುರುತಿಗೆ ಇಟ್ಟ ಕಾಗದದ ಚೂರು ಇದ್ದಲ್ಲಿಯೇ ಇತ್ತು.

ವೇಳೆಯು ಧಾರಾಳವಾಗಿತ್ತು, ಓದು ಮಾತ್ರ ನಡೆಯಲಿಲ್ಲ. ಬೆಳಿಗ್ಗೆ ಓದೋಣವೆಂದರೆ ಮಧ್ಯಾಹ್ನವಿದೆ, ಮಧ್ಯಾಹ್ನ ಓದೋಣವೆಂದರೆ ನಾಳೆಯಿದೆ. ನಡುನಡುವೆ ಕೈಯಲ್ಲಿನ ಫೋನು. ಅದರಲ್ಲಿ ಸಾವುಗಳ ಎಣಿಕೆ. ಬೆಂಗಳೂರಿಗೆ ಗುಳೆ ಹೋಗಿದ್ದ ನಮ್ಮ ಮಕ್ಕಳ ತಂದೆತಾಯಿಗಳು ಊರಿಗೆ ಹೇಗೆ ಬರುವರೋ ಎಂಬ ಚಿಂತೆ ಬೇರೆ. ಇಂಥ ಮನಸ್ಸಿನಿಂದ ಪುಸ್ತಕವನ್ನು ಹಿಡಿದರೆ ಕಣ್ಣು ಸಾಲಿನ ಮೇಲೆ ಹರಿಯುವುದೇ ಹೊರತು ಅರ್ಥವು ಒಳಕ್ಕೆ ಇಳಿಯದು. ಆಗ ನಮಗೆ ತಿಳಿದುಬಂದುದೇನೆಂದರೆ, ಇಷ್ಟು ವರ್ಷ ನಮ್ಮನ್ನು ಓದಿಸುತ್ತಿದ್ದುದು ನಮ್ಮ ವಿದ್ಯಾಸಕ್ತಿಯಲ್ಲ, ಶಾಲೆಯ ಗಂಟೆ! ಮೊದಲನೆಯ ಗಂಟೆಗೂ ಪ್ರಾರ್ಥನೆಗೂ ನಡುವೆ ದೊರೆಯುವ ಇಪ್ಪತ್ತು ನಿಮಿಷಗಳಲ್ಲಿ ನಾವು ವರ್ಷಗಟ್ಟಲೆ ಓದಿಕೊಂಡು ಬಂದಿದ್ದೆವು. ಗಂಟೆ ನಿಂತಿತು, ಓದೂ ನಿಂತಿತು. ಶಿಕ್ಷಣದ ತರಬೇತಿಯನ್ನು ಪಡೆದ, ಮುಖ್ಯೋಪಾಧ್ಯಾಯಿನಿಯೆಂಬ ಹೆಸರನ್ನು ಹೊತ್ತ ನಮ್ಮ ಪಾಡೇ ಹೀಗಾದರೆ, ಹದಿನಾರು ಹದಿನೆಂಟರಲ್ಲಿ ಶಾಲೆಯ ಗಂಟೆಯಿಂದ ಒಮ್ಮೆಲೇ ದೂರವಾಗಿ, ತನ್ನದಲ್ಲದ ಮನೆಯ ಗಂಟೆಗಳಿಗೆ ಒಳಗಾಗುವ ಹುಡುಗಿಯ ಪಾಡೇನು?

ನಮ್ಮ ಓದು ಮರಳಿ ಬಂದುದು ನಮ್ಮ ತಾಯಿಯವರ ಕೃಪೆಯಿಂದ. ಅವರಿಗೆ ಕಣ್ಣು ಮಂಜಾಗಿದೆ. ಒಂದು ಮಧ್ಯಾಹ್ನ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕುಳಿತಿದ್ದಾಗ, “ಅದರಾಗ ಏನೈತಿ, ಒಂದಿಷ್ಟು ಓದು, ಕೇಳೋಣ” ಎಂದರು. ಹತ್ತು ಪುಟಗಳನ್ನು ಗಟ್ಟಿಯಾಗಿ ಓದಿದೆವು. ಮರುದಿನ ಎರಡೂವರೆಗೆ ಸರಿಯಾಗಿ ಅವರು ಚಾಪೆಯನ್ನು ಹಾಸಿಕೊಂಡು ಕಾದು ಕುಳಿತಿದ್ದರು. ಕಾಯುವವರೊಬ್ಬರು ಇದ್ದ ಮೇಲೆ ತಪ್ಪಿಸಿಕೊಳ್ಳುವುದುಂಟೆ? ಮಳೆಗಾಲ ಹಿಡಿಯುವ ಹೊತ್ತಿಗೆ ಆ ಹನ್ನೆರಡರಲ್ಲಿ ಏಳು ಮುಗಿದಿದ್ದವು.

ಆದುದರಿಂದ ಮನೆಯಲ್ಲಿ ಓದನ್ನು ಉಳಿಸಿಕೊಳ್ಳಬೇಕೆಂಬುವವಳಿಗೆ ಮೊದಲು ಬೇಕಾದುದು ಬಿಡುವಲ್ಲ, ಒಂದು ಗೊತ್ತಾದ ಹೊತ್ತು. ಆಮೇಲೆ, ಸಾಧ್ಯವಾದರೆ, ಕೇಳುವ ಒಂದು ಕಿವಿ. ಹತ್ತು ಪುಟವೆಂದರೆ ನಗಬೇಡಿರಿ. ದಿನಕ್ಕೆ ೧೦ ಪುಟದಂತೆ ವರ್ಷಕ್ಕೆ ೩೬೫೦ ಪುಟಗಳಾದವು. ಇನ್ನೂರು ಪುಟದ ಪುಸ್ತಕಗಳಾದರೆ ಹದಿನೆಂಟು. ಕಾಲೇಜಿಗೆ ಹೋಗುವ ಎಷ್ಟು ಮಂದಿ ವರ್ಷಕ್ಕೆ ಹದಿನೆಂಟು ಪುಸ್ತಕಗಳನ್ನು ಓದುತ್ತಾರೆಂಬುದನ್ನು ಅವರನ್ನೇ ಕೇಳಿ ನೋಡಬಹುದು. ನಮ್ಮ ತಾಯಂದಿರ ಕಾಲದ ಹೆಂಗಸರು ಈ ಲೆಕ್ಕವನ್ನು ಬಲ್ಲವರಾಗಿದ್ದರು. ೧೯೫೬ರಲ್ಲಿ ‘ಕಸ್ತೂರಿ’, ೧೯೬೫ರಲ್ಲಿ ‘ಸುಧಾ’, ೧೯೬೮ರಲ್ಲಿ ‘ಮಯೂರ’ ಹೊರಟವು. ವಾರಕ್ಕೊಂದು ಕಂತಿನಂತೆ ಬರುತ್ತಿದ್ದ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ರಟ್ಟು ಹಾಕಿ ಇಟ್ಟುಕೊಂಡ ಮನೆಗಳು ಎಷ್ಟೋ ಇದ್ದವು. ಒಂದು ಸಂಚಿಕೆಯು ಮೂರು ಮನೆಗಳನ್ನು ಸುತ್ತಿ ಬರುತ್ತಿತ್ತು. ಕಂತು ಸಣ್ಣದು, ಕಾಯುವ ದಿನ ಗೊತ್ತಾದದ್ದು, ಮಾತಾಡಿಕೊಳ್ಳುವುದಕ್ಕೆ ಪಕ್ಕದ ಮನೆಯವಳು: ಇಷ್ಟು ಇದ್ದುದರಿಂದಲೇ ಆ ಓದು ಒಲೆಯ ಹೊಗೆಯ ನಡುವೆಯೂ ಬದುಕಿತು.

ಮನೆಯ ಗೋಡೆಗಳೊಳಗಿನ ಓದೆಂದರೆ ಕೀಳೆಂದು ಯಾರೂ ಭಾವಿಸತಕ್ಕದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ರಾಸಸುಂದರೀ ದೇವಿಯೆಂಬ ಗೃಹಿಣಿಯು ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ, ಹೆಂಗಸು ಓದುವುದು ಪಾಪವೆನ್ನುವ ಮನೆಯಲ್ಲಿ, ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು, ಮಗನು ಬರೆದ ಅಕ್ಷರಗಳೊಡನೆ ಅದನ್ನು ಹೋಲಿಸಿ ನೋಡಿ, ಯಾರಿಗೂ ಕಾಣದಂತೆ ಓದಲು ಕಲಿತಳು, ಮುಂದೆ ತನ್ನ ಜೀವನಚರಿತ್ರೆಯನ್ನು ತಾನೇ ಬರೆದು ಅಚ್ಚು ಹಾಕಿಸಿದಳು. ಕನ್ನಡದ ಉದಾಹರಣೆಯು ಇನ್ನೂ ಹತ್ತಿರದ್ದು. ನಂಜನಗೂಡಿನ ತಿರುಮಲಾಂಬ (೧೮೮೭–೧೯೮೨) ಹತ್ತನೆಯ ವಯಸ್ಸಿಗೆ ಮದುವೆಯಾದವರು, ಹದಿನಾಲ್ಕಕ್ಕೆ ವಿಧವೆಯಾದವರು. ಆ ಕಾಲದಲ್ಲಿ ಅಂಥ ಬಾಲೆಗೆ ಹೊರಗಿನ ಲೋಕವೆಂಬುದು ಮುಗಿಯಿತೆಂದೇ ಅರ್ಥ. ಆದರೆ ವಕೀಲರಾಗಿದ್ದ ತಂದೆಯು ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಮನೆಯಲ್ಲಿ ಕುಳಿತೇ ಓದಿದ ಆಕೆ ‘ಸುಶೀಲೆ’ ಎಂಬ ಕಾದಂಬರಿಯನ್ನು ೧೯೧೩ರಲ್ಲಿ ಹೊರತಂದರು. ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ, ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಇದರಲ್ಲಿ ನಮ್ಮ ಪೋಷಕರು ಗಮನಿಸತಕ್ಕದ್ದು ತಂದೆಯ ಹೆಜ್ಜೆಯನ್ನು. ಮಗಳನ್ನು ಹೊರಗೆ ಕಳುಹಿಸುವುದು ಅವರ ಕೈಯಲ್ಲಿರಲಿಲ್ಲ. ಪುಸ್ತಕವನ್ನು ಒಳಗೆ ತರುವುದು ಕೈಯಲ್ಲಿತ್ತು. ಅಷ್ಟನ್ನು ಅವರು ಮಾಡಿದರು.

ಇನ್ನು ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಮಾನ್ವಿಯ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು, ದೇವದುರ್ಗದ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಮಾನ್ವಿಗೆ ಸೇರಿದ ಬ್ಯಾಗವಾಟದಲ್ಲಿ ಜಗನ್ನಾಥದಾಸರು ಹುಟ್ಟಿದರು. ಹದಿನೆಂಟನೆಯ ಶತಮಾನದ ಈ ಮೂವರ ಪದಗಳು ಇಂದಿಗೂ ಈ ಊರುಗಳ ಹಜಾರಗಳಲ್ಲಿ ಕೇಳಿಬರುತ್ತವೆ. ಅವುಗಳನ್ನು ಉಳಿಸಿಕೊಂಡು ಬಂದವರಲ್ಲಿ ಅಕ್ಷರವನ್ನೇ ಅರಿಯದ ಹೆಂಗಸರು ಎಷ್ಟೋ ಮಂದಿ. ನಮ್ಮ ಶಾಲೆಯ ನೆರೆಯಲ್ಲಿದ್ದ ಒಬ್ಬ ವೃದ್ಧೆಯು ‘ಹರಿಕಥಾಮೃತಸಾರ’ದ ಸಂಧಿಗಳನ್ನು ಒಂದರ ಮೇಲೊಂದರಂತೆ ಬಾಯಲ್ಲೇ ಹೇಳುತ್ತಿದ್ದುದನ್ನು ನಾವು ಗೋಡೆಯ ಈಚೆಯಿಂದ ಕೇಳಿದ್ದೇವೆ. ಆಕೆಯ ಧರ್ಮ ಬೇರೆ, ನಮ್ಮದು ಬೇರೆ. ಆದರೆ ಭಾಮಿನೀ ಷಟ್ಪದಿಯ ನಡಿಗೆಯನ್ನು ನಮ್ಮ ಕಿವಿಗೆ ಕಲಿಸಿದವಳು ಆಕೆ, ತರಬೇತಿ ಕಾಲೇಜಿನ ಪಾಠವಲ್ಲ. ಪುಸ್ತಕವಿಲ್ಲದೆಯೇ ಇಷ್ಟನ್ನು ಹಿಡಿದಿಟ್ಟ ಮನೆಗಳಲ್ಲಿ, ಈಗ ಪುಸ್ತಕವೂ ಅಕ್ಷರವೂ ಎರಡೂ ಇದ್ದು ಎರಡೂ ಜಾರಿಹೋಗುವುದೆಂದರೆ ಅದು ಹೇಗೆ ಸಹಿಸತಕ್ಕದ್ದು?

ಮತ್ತೊಂದು ಸಂಗತಿಯನ್ನು ಇಂದಿನ ಹುಡುಗಿಯರು ಕೇಳಿಯೇ ಇರಲಾರರು. ೧೯೪೮ರ ಸೆಪ್ಟೆಂಬರಿನ ವರೆಗೆ ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಮೇಲಿನ ತರಗತಿಗಳ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ೧೯೧೮ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಉರ್ದು ಸುಂದರವಾದ ಭಾಷೆ. ಅದರ ಮೇಲೆ ನಮ್ಮ ದೂರಿಲ್ಲ. ಆದರೆ ಕನ್ನಡವನ್ನು ಚೆನ್ನಾಗಿ ಓದಬೇಕೆಂಬ ಹುಡುಗನಿಗಾಗಲಿ ಹುಡುಗಿಗಾಗಲಿ ಅದು ಬಹುಮಟ್ಟಿಗೆ ಮನೆಯ ಓದೇ ಆಗಿತ್ತು. ಹೆಂಬೆರಾಳದಲ್ಲಿ ೧೯೨೪ರಲ್ಲಿ ಹುಟ್ಟಿದ ಶಾಂತರಸರು ಈ ಕಾಲದವರು. ಉರ್ದುವಿನ ಗಜಲನ್ನು ಕನ್ನಡದ ಮಾತಿಗೆ ಒಗ್ಗಿಸಿ, ೨೦೦೬ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇದೇ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಸೇರಿದಾಗ ಇಲ್ಲಿ ಕನ್ನಡದ ಪಾಠಶಾಲೆಗಳು ಎಷ್ಟರವು? ಪಾಠಶಾಲೆಯು ಕೊಡದುದನ್ನು ಮನೆಗಳು ಕಾಪಾಡಿಕೊಂಡಿದ್ದವು. ಈಗ ಪಾಠಶಾಲೆಯು ಹತ್ತು ವರ್ಷ ಕೊಟ್ಟುದನ್ನು ಮನೆಗಳು ಹತ್ತು ತಿಂಗಳಲ್ಲಿ ಕಳೆಯುತ್ತಿವೆ. ಮಾತು ಕಠಿಣವಾಯಿತೇನೋ, ಆದರೆ ವಹಿಯ ಮುಂದೆ ನಿಂತ ಆ ಕೈಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ೨೦೧೧ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಓದುಬಲ್ಲ ಹೆಂಗಸರು ನೂರಕ್ಕೆ ಐವತ್ತಕ್ಕಿಂತಲೂ ಕಡಿಮೆ. ಆ ಎಣಿಕೆಯಲ್ಲಿ, ಒಮ್ಮೆ ಕಲಿತು ಈಗ ಓದದಿರುವವರನ್ನೂ ಓದುಬಲ್ಲವರೆಂದೇ ಬರೆದುಕೊಂಡಿರುತ್ತಾರೆ.

ಪೋಷಕರು ಹೇಳುವ ಆಕ್ಷೇಪಣೆಗಳು ನಮಗೆ ಬಾಯಿಪಾಠವಾಗಿವೆ. ಕಥೆ ಕಾದಂಬರಿಗಳಿಂದ ಹೊಟ್ಟೆ ತುಂಬುವುದೇ ಎಂಬುದೊಂದು. ಓದುವುದಾದರೆ ಉಪಯೋಗಕ್ಕೆ ಬರುವಂಥದನ್ನು ಓದಲಿ ಎಂಬುದು ಇನ್ನೊಂದು. ಈ ಎರಡನೆಯವರು ತಾವು ವಿದ್ಯೆಯ ಪಕ್ಷದವರೆಂದೇ ತಿಳಿದಿರುತ್ತಾರೆ. ವಾಸ್ತವದಲ್ಲಿ ಇವರಿಂದಲೇ ಹೆಚ್ಚು ಹಾನಿ. ದಿನವೆಲ್ಲ ಉಪಯೋಗದ ಕೆಲಸವನ್ನೇ ಮಾಡಿ ದಣಿದ ಹೆಂಗಸಿಗೆ ರಾತ್ರಿ ಉಪಯೋಗದ ಪುಸ್ತಕವನ್ನು ಕೊಟ್ಟರೆ ಅವಳು ಅದನ್ನು ದಿಂಬಿನ ಕೆಳಗಿಟ್ಟು ಮಲಗುವಳು. ಅವಳಿಗೆ ಮುಂದೇನಾಯಿತೆಂಬ ಕುತೂಹಲವುಳ್ಳ ಪುಸ್ತಕವನ್ನು ಕೊಡಿರಿ. ಕುತೂಹಲವು ಕಣ್ಣನ್ನು ತೆರೆದಿಡುತ್ತದೆ. ಕಣ್ಣು ತೆರೆದಿದ್ದರೆ ಅಕ್ಷರವು ಉಳಿಯುತ್ತದೆ. ಅಕ್ಷರವುಳಿದರೆ ಬೇಕಾದಾಗ ಔಷಧದ ಚೀಟಿಯನ್ನೂ, ಸಂಘದ ಸಾಲದ ಪತ್ರವನ್ನೂ, ಹೊಲದ ಪಹಣಿಯನ್ನೂ ಅವಳೇ ಓದಿಕೊಳ್ಳುವಳು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದ ಕಾಲದಿಂದ, ತ್ರಿವೇಣಿಯವರ ಕಾದಂಬರಿಗಳು ಮನೆಮನೆಯನ್ನು ಹೊಕ್ಕ ಕಾಲದ ವರೆಗೆ, ಕನ್ನಡದ ಹೆಂಗಸರನ್ನು ಓದುಗರನ್ನಾಗಿ ಮಾಡಿದುದು ಕಥೆಯೇ ಹೊರತು ಉಪದೇಶವಲ್ಲ. ಉಪದೇಶ ಮಾಡುವುದೇ ಕಸುಬಾಗಿರುವ ನಾವು ಇದನ್ನು ಹೇಳುತ್ತಿದ್ದೇವೆ.

ಮೂರನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೊಸೆಯು ಪುಸ್ತಕವನ್ನು ಹಿಡಿದು ಕುಳಿತರೆ ಅತ್ತೆಯ ಕಣ್ಣಿಗೆ ಅದು ಮೈಗಳ್ಳತನವಾಗಿ ತೋರುತ್ತದೆ. ಒಬ್ಬಳೇ ಓದಿಕೊಂಡು ತನ್ನೊಳಗೆ ನಗುವುದು ಇನ್ನೂ ಅನುಮಾನಕ್ಕೆ ಎಡೆ. ಇದಕ್ಕೆ ಮಾನ್ವಿಯ ಕಡೆಗೆ ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಡುಕೊಂಡ ಉಪಾಯವು ಬಹಳ ಒಳ್ಳೆಯದು. ಅವಳು ಕಿರಾಣಿ ಅಂಗಡಿಯಿಂದ ಬಂದ ಪೊಟ್ಟಣದ ಕಾಗದಗಳನ್ನೂ ಬಿಡದೆ ಓದುವವಳು. ಒಂದು ಸಂಜೆ ಅತ್ತೆಯು ಕಡಲೆಯನ್ನು ಆರಿಸುತ್ತಿದ್ದಾಗ, ಪೊಟ್ಟಣದ ಕಾಗದದಲ್ಲಿದ್ದ ಅರ್ಧ ಕಥೆಯನ್ನು ಗಟ್ಟಿಯಾಗಿ ಓದಿದಳು. ಕಾಗದವು ಹರಿದಿತ್ತು, ಕಥೆಯು ನಡುವೆ ನಿಂತಿತು. “ಮುಂದ ಏನಾತವ್ವಾ?” ಎಂದು ಅತ್ತೆ ಕೇಳಿದರಂತೆ. ಗೊತ್ತಿಲ್ಲವೆಂದಾಗ ಆ ಮಹಾತಾಯಿಯು ಮಗನಿಗೆ ಹೇಳಿ ಮುಂದಿನ ವಾರ ಪೇಟೆಯಿಂದ ಒಂದು ಕಥೆಯ ಪುಸ್ತಕವನ್ನೇ ತರಿಸಿದರು! ಈಗ ಆ ಮನೆಯಲ್ಲಿ ಸಂಜೆಯ ಹೊತ್ತು ಸೊಸೆಗೆ ಓದುವುದೇ ಕೆಲಸ; ಕಡಲೆಯನ್ನು ಅತ್ತೆ ಆರಿಸುತ್ತಾರೆ. ಎಲ್ಲ ಅತ್ತೆಯರೂ ಹೀಗಿರುವರೆಂದು ನಾವು ಹೇಳುವುದಿಲ್ಲ. ಆದರೂ ಗಟ್ಟಿಯಾಗಿ ಓದಿದ ಓದು ಮನೆಗೆಲ್ಲ ಸೇರಿದ್ದಾಗುತ್ತದೆ. ಮನೆಗೆ ಸೇರಿದುದನ್ನು ಮನೆಯವರು ನಿಲ್ಲಿಸುವುದು ಕಡಿಮೆ.

ಯಾವ ಭಾಷೆಯಲ್ಲಿ ಓದಬೇಕೆಂದು ಕೆಲವರು ಕೇಳಿದ್ದುಂಟು. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ. ಕೈಗೆ ಯಾವುದು ಸಿಕ್ಕುವುದೋ ಅದನ್ನು ಓದಲಿ.

ಕಣ್ಣಿನ ವಿಚಾರವಾಗಿ ಒಂದು ಮಾತನ್ನು ಹೇಳದೆ ಇರಲಾರೆವು. ನಲವತ್ತರ ಆಚೀಚೆ ಹತ್ತಿರದ ಅಕ್ಷರವು ಮಸುಕಾಗುವುದು ಎಲ್ಲರಿಗೂ ಸಹಜ. ಕಣ್ಣೊಳಗಿನ ಮಸೂರವು ಮೊದಲಿನಂತೆ ಬಾಗದೆ ಗಡುಸಾಗುವುದೇ ಅದಕ್ಕೆ ಕಾರಣ. ನಮ್ಮ ಹಿರಿಯರು ಇದನ್ನು ಚಾಳೀಸು ಎನ್ನುತ್ತಿದ್ದರು. ಗಂಡಸರು ಕಚೇರಿಯ ಕಾಗದ ಕಾಣದಾದ ಕೂಡಲೇ ಕನ್ನಡಕವನ್ನು ಕೊಳ್ಳುತ್ತಾರೆ. ಹೆಂಗಸರು ಮೊದಲು ಸೂಜಿಗೆ ದಾರವನ್ನು ಮಕ್ಕಳಿಂದ ಪೋಣಿಸಿಕೊಳ್ಳುತ್ತಾರೆ, ಆಮೇಲೆ ಅಕ್ಕಿಯ ಕಲ್ಲನ್ನು ಮಕ್ಕಳಿಂದ ಆರಿಸುತ್ತಾರೆ, ಪುಸ್ತಕವನ್ನಂತೂ ‘ನನಗಿನ್ನು ಓದು ಬರುವುದಿಲ್ಲ’ ಎಂದು ಮುಚ್ಚಿಯೇಬಿಡುತ್ತಾರೆ. ಓದು ಹೋಗಿಲ್ಲ, ಕಣ್ಣಿಗೆ ಒಂದು ಗಾಜು ಬೇಕಾಗಿದೆ, ಅಷ್ಟೇ. ನಾವೂ ಎರಡು ವರ್ಷ ಈ ಹೆಡ್ಡತನವನ್ನು ಮಾಡಿ, ಹಾಜರಿ ಪುಸ್ತಕವನ್ನು ಮೊಳದುದ್ದ ದೂರ ಹಿಡಿದು ಓದಿ, ಹುಡುಗಿಯರ ನಗೆಗೆ ಗುರಿಯಾದ ಮೇಲೆಯೇ ಕನ್ನಡಕವನ್ನು ತೆಗೆದುಕೊಂಡೆವು. ತಾಯಿಗೆ ಹಬ್ಬಕ್ಕೆ ಸೀರೆಯನ್ನು ತರುವ ಮಕ್ಕಳು ಒಂದು ಹಬ್ಬಕ್ಕೆ ಚಾಳೀಸಿನ ಕನ್ನಡಕವನ್ನು ತರಲಿ. ಅದು ಸೀರೆಗಿಂತ ಅಗ್ಗ.

ಪುಸ್ತಕವೆಲ್ಲಿದೆ ಎಂದು ಕೇಳುವಿರಿ. ನಮ್ಮ ರಾಜ್ಯದಲ್ಲಿ ೧೯೬೫ರ ಕಾಯಿದೆಯಂತೆ ಮನೆಯ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಕೊಡುತ್ತೇವೆ. ಕೊಟ್ಟ ಹಣಕ್ಕೆ ಪುಸ್ತಕವನ್ನು ಕೇಳುವುದು ಭಿಕ್ಷೆಯಲ್ಲ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ೨೦೨೦ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಯೋಜನೆಯಂತೆ ಮಕ್ಕಳಿಗೆ ಶುಲ್ಕವಿಲ್ಲದ ಸದಸ್ಯತ್ವವನ್ನು ಕೊಡಲಾಯಿತು. ಶಾಲೆಗಳು ಮುಚ್ಚಿದ್ದ ಆ ವರ್ಷದಲ್ಲಿ ಇದು ದೊಡ್ಡ ಉಪಕಾರ. ಈಗ ಅವುಗಳನ್ನು ‘ಅರಿವು ಕೇಂದ್ರ’ವೆಂದು ಕರೆಯುತ್ತಾರೆ. ಮಗಳ ಹೆಸರಿನಲ್ಲಿ ಬಂದ ಪುಸ್ತಕವನ್ನು ತಾಯಿಯೂ ಓದಬಹುದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಊರ ನಡುವಿನ ಆ ಕೋಣೆಯಲ್ಲಿ ಗಂಡಸರು ಪತ್ರಿಕೆಗಳನ್ನು ಹರಡಿಕೊಂಡು ಕುಳಿತಿರುವಾಗ ಹೊಸದಾಗಿ ಬಂದ ಸೊಸೆಯು ಹೊಸ್ತಿಲನ್ನು ದಾಟುವಳೇ? ವಾರದಲ್ಲಿ ಎರಡು ಮಧ್ಯಾಹ್ನಗಳನ್ನು ಹೆಂಗಸರಿಗೆಂದೇ ಗೊತ್ತುಮಾಡಿದರೆ ಪಂಚಾಯತಿಗೆ ಒಂದು ಕಾಸೂ ಖರ್ಚಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಚಾಯತಿಯ ಸದಸ್ಯೆಯರಾಗಿರುವವರು ಈ ಮಾತನ್ನು ಸಭೆಯಲ್ಲಿ ಎತ್ತಬೇಕೆಂದು ಕೇಳಿಕೊಳ್ಳುತ್ತೇವೆ.

ಫೋನಿನ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬದಲಾಗಿದೆಯೆಂದು ಒಪ್ಪಿಕೊಳ್ಳಬೇಕು. ಅದು ಓದಿನ ಶತ್ರುವೆಂದು ಪ್ರಾರ್ಥನಾಸಭೆಯಲ್ಲಿ ಹಲವು ಬಾರಿ ಹೇಳಿದ್ದೇವೆ. ಆದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವು ೨೦೨೦ರಲ್ಲಿ ಆರಂಭವಾದ ಮೇಲೆ, ಪುಸ್ತಕದ ಅಂಗಡಿಯನ್ನೇ ಕಾಣದ ಹಳ್ಳಿಯಲ್ಲಿರುವವಳಿಗೆ ಅದರ ಮೂಲಕವೂ ಪುಸ್ತಕವು ದೊರೆಯುತ್ತದೆ, ಅದೂ ಹಣವಿಲ್ಲದೆ. ತೊಡಕು ಬೇರೆ ಕಡೆಯಿದೆ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಗಂಡನ ಅಥವಾ ತಮ್ಮನ ಕಿಸೆಯಲ್ಲಿರುತ್ತದೆ. ಪುಸ್ತಕವಾದರೋ ಹಿಟ್ಟಿನ ಡಬ್ಬದ ಪಕ್ಕದಲ್ಲಿ ಬಿದ್ದಿರುತ್ತದೆ. ಯಾರ ಅಪ್ಪಣೆಯನ್ನೂ ಕೇಳದೆ ಎತ್ತಿಕೊಳ್ಳಬಹುದು. ಫೋನು ಸ್ವಂತದ್ದಾಗಿರುವವಳು ಅದರಲ್ಲಿಯೇ ಓದಲಿ. ಉಳಿದವರಿಗೆ ಕಾಗದದ ಪುಸ್ತಕವೇ ಗತಿ.

ಇಷ್ಟೆಲ್ಲವನ್ನು ಮನೆಯವರಿಗೂ ಸರಕಾರಕ್ಕೂ ಹೇಳಿ ನಮ್ಮ ತಪ್ಪನ್ನು ಮುಚ್ಚಿಕೊಂಡರೆ ಅದು ನ್ಯಾಯವಲ್ಲ. ಹುಡುಗಿಯರ ಓದು ಶಾಲೆಯನ್ನು ಬಿಟ್ಟ ದಿನವೇ ನಿಲ್ಲುವುದಾದರೆ, ನಾವು ಕಲಿಸಿದ ಓದು ಎಂಥದು? ಪರೀಕ್ಷೆಗೆ ಬೇಕಾದ ಪಾಠ, ಪಾಠಕ್ಕೆ ಬೇಕಾದ ಪ್ರಶ್ನೋತ್ತರ, ಅದಕ್ಕೊಂದು ಗೈಡು. ಎಸ್. ಎಸ್. ಎಲ್. ಸಿ. ಮುಗಿದ ಸಂಜೆ ಬೋರ್ಡಿಂಗಿನ ಅಂಗಳದಲ್ಲಿ ಗೈಡುಗಳನ್ನು ಹರಿದು ತೂರುವ ಹುಡುಗಿಯರನ್ನು ಗದರಿಸುತ್ತ ಬಂದಿದ್ದೇವೆ. ಅವರು ಹರಿಯುತ್ತಿದ್ದುದು ಏನನ್ನೆಂದು ಒಮ್ಮೆಯೂ ಯೋಚಿಸಿದವರಲ್ಲ. ಶಾಲೆಯ ಪುಸ್ತಕ ಭಂಡಾರವೂ ಹಾಗೆಯೇ. ನಾವು ಅಧಿಕಾರವನ್ನು ವಹಿಸಿಕೊಂಡಾಗ ಮೂರು ಬೀರುಗಳು, ಮೂರಕ್ಕೂ ಬೀಗ. ಕಳೆದುಹೋದ ಪುಸ್ತಕದ ಬೆಲೆಯನ್ನು ಉಪಾಧ್ಯಾಯಿನಿಯ ಸಂಬಳದಿಂದ ಹಿಡಿಯುವ ಪದ್ಧತಿಯಿದ್ದಲ್ಲಿ ಯಾವ ಉಪಾಧ್ಯಾಯಿನಿ ಬೀಗವನ್ನು ತೆರೆಯುವಳು? ಹಿಂದಿನ ಕಾಲದ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಣಿಯಿಂದ ಬಿಗಿಯುತ್ತಿದ್ದರು. ನಮ್ಮ ದೇಶದ ರಂಗನಾಥನ್ ಅವರು ೧೯೩೧ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದಾಗ, ಪುಸ್ತಕವಿರುವುದು ಕಾಪಿಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದನ್ನೇ ಮೊದಲಿಗೆ ಇಟ್ಟರು. ನಮ್ಮ ಬೀರುವಿನ ಬೀಗವು ಆ ಸರಪಣಿಯ ಒಡಹುಟ್ಟೆಂದು ತಿಳಿಯಲು ನಮಗೆ ಇಷ್ಟು ವರ್ಷ ಹಿಡಿಯಿತು.

ಹಿಂದೆ ಮಿಷನ್ನಿನ ಸ್ತ್ರೀಯರು, ಮನೆಯಿಂದ ಹೊರಗೆ ಬಾರದ ಹೆಂಗಸರಿಗೆ ಅವರವರ ಮನೆಗೇ ಹೋಗಿ ಓದುಬರಹವನ್ನು ಕಲಿಸುತ್ತಿದ್ದರು. ಅದಕ್ಕೆ ಜನಾನಾ ಕೆಲಸವೆಂದು ಹೆಸರು. ಈಗ ಹಾಗೆ ಹೋಗುವವರಿಲ್ಲ. ಆದರೆ ನಮ್ಮ ಬೋರ್ಡಿಂಗಿನ ಮಕ್ಕಳು ಶನಿವಾರ ಶಾಲೆ ಬಿಟ್ಟ ಮೇಲೆ ಮಾನ್ವಿಯ ಬಸ್ಸನ್ನೂ ದೇವದುರ್ಗದ ಬಸ್ಸನ್ನೂ ಹತ್ತಿ ಊರುಗಳಿಗೆ ಹೋಗುತ್ತಾರಷ್ಟೆ. ಅವರ ಚೀಲದಲ್ಲಿ ಒಂದು ಪುಸ್ತಕಕ್ಕೆ ಸ್ಥಳವಿದೆ. ಆದ್ದರಿಂದ ಆಡಳಿತ ಮಂಡಲಿಯವರ ಒಪ್ಪಿಗೆಯನ್ನು ಪಡೆದು ಹೀಗೆ ಗೊತ್ತುಮಾಡಿದ್ದೇವೆ. ಹಳೆಯ ವಿದ್ಯಾರ್ಥಿನಿಯು ಯಾವ ವರ್ಷ ಶಾಲೆಯನ್ನು ಬಿಟ್ಟವಳಾಗಿದ್ದರೂ, ತೇರ್ಗಡೆಯಾಗಿದ್ದರೂ ಆಗದಿದ್ದರೂ, ಊರಿನ ಹುಡುಗಿಯೊಬ್ಬಳ ಕೈಯಲ್ಲಿ ಚೀಟಿಯನ್ನು ಕಳುಹಿಸಿದರೆ ಒಂದು ಪುಸ್ತಕವನ್ನು ಕಳುಹಿಸಿಕೊಡಲಾಗುವುದು. ಠೇವಣಿಯಿಲ್ಲ. ಒಂದು ತಿಂಗಳು ಇಟ್ಟುಕೊಳ್ಳಬಹುದು. ಮುಗಿಯದಿದ್ದರೆ ಇನ್ನೊಂದು ತಿಂಗಳು. ಅರಿಸಿನದ ಕಲೆಯಾದರೆ, ಮಗು ಹಾಳೆಯನ್ನು ಹರಿದರೆ, ದಂಡವಿಲ್ಲ. ಕಳೆದುಹೋದರೆ ತಿಳಿಸಿದರೆ ಸಾಕು. ಉಪಾಧ್ಯಾಯಿನಿಯ ಸಂಬಳದಿಂದ ಹಿಡಿಯುವ ಪದ್ಧತಿಯನ್ನು ತೆಗೆದುಹಾಕಿದೆ. ಒಂದೇ ಒಂದು ನಿಯಮ: ಚೀಟಿಯನ್ನು ಮಗಳಿಂದಲೋ ತಂಗಿಯಿಂದಲೋ ಬರೆಯಿಸದೆ, ಓದುವವಳು ತಾನೇ ಬರೆಯತಕ್ಕದ್ದು.

ಇದನ್ನು ಗೊತ್ತುಮಾಡಿದ ಸುದ್ದಿಯು ಊರುಗಳಿಗೆ ಮುಟ್ಟಿದ ಮೂರನೆಯ ವಾರದಲ್ಲಿ ದೇವದುರ್ಗದ ಕಡೆಯಿಂದ ಮೊದಲನೆಯ ಚೀಟಿಯು ಬಂದಿತು. ಲೆಕ್ಕದ ಪುಸ್ತಕದಿಂದ ಹರಿದ ಅರ್ಧ ಹಾಳೆ. ಅಕ್ಷರಗಳು ಗೆರೆಯನ್ನು ಬಿಟ್ಟು ಮೇಲಕ್ಕೂ ಕೆಳಕ್ಕೂ ಹೋಗಿದ್ದವು. ಎರಡು ಕಡೆಗಳಲ್ಲಿ ಹೊಡೆದು ಮತ್ತೆ ಬರೆದಿತ್ತು. ದೊಡ್ಡ ಅಕ್ಷರದ ಒಂದು ಕಾದಂಬರಿಯನ್ನು ಕಳುಹಿಸಬೇಕು, ಕಥೆ ದುಃಖದ್ದಾದರೂ ಚಿಂತೆಯಿಲ್ಲ ಎಂದಿತ್ತು. ಕೆಳಗಿದ್ದ ಹೆಸರನ್ನು ನೋಡಿ ನಾವು ಆ ಚೀಟಿಯನ್ನು, ಅವಳ ಹಳೆಯ ಪ್ರಬಂಧವನ್ನು ತಿದ್ದಿದಂತೆ ಕೆಂಪು ಶಾಯಿಯಿಂದ ತಿದ್ದುವ ಚಪಲವನ್ನು ಬಹಳ ಕಷ್ಟದಿಂದ ತಡೆದುಕೊಂಡು, ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆವು. ತ್ರಿವೇಣಿಯವರ ಒಂದು ಕಾದಂಬರಿಯನ್ನು ಅದೇ ಶನಿವಾರ ಕಳುಹಿಸಿದ್ದೇವೆ. ಅದು ಇನ್ನೂ ಹಿಂದಕ್ಕೆ ಬಂದಿಲ್ಲ.